ಮೊಲದ ಮನೆಯ ಮರೆಪ್ಪ

ಮೆಟಡೋರ್ ವ್ಯಾನಿನ ಬಾಗಿಲಿನ ಕೊಂಡಿಗೆ ಸಿಕ್ಕಿಕೊಂಡ ಸೇವಂತಿಗೆ ಹಾರವನ್ನು ಹೇಮಲತಾ ಹುಷಾರಾಗಿ ಬಿಡಿಸಿಕೊಳ್ಳುತ್ತಿದ್ದಾಗ ಗುರುರಾಜ್ ಇನ್ನೊಂದು ಕಡೆಯಿಂದ ಇಳಿದು ಬಂದು ಅವಳ ಪಕ್ಕದಲ್ಲಿ ಬಗ್ಗಿ ನಿಂತ. ಹಾರಕ್ಕೆ ನೆರವಾಗುವುದಕ್ಕೇನೂ ಅಲ್ಲ.

“ಆ ವಿಷಯ ಇಲ್ಲಿ ಎತ್ತಬೇಡ ಹೇಮಲತಾ,” ಅಂದ ದನಿ ತಗ್ಗಿಸಿ. “ಎತ್ತಿ ಏನು ಬಂತು? ಹೋದೋರು ವಾಪಸ್ ಬರ್ತಾರಾ?”

“ನಾನೇನೂ ಹೇಳಿಲ್ವಲ್ಲ ಸಾರ್.”

“ಹೇಳಿಲ್ಲ ಸರಿ. ನಿನ್ನ ಮುಖ ನೋಡಿದ್ರೆ ಈಗಲೇ ಹೇಳಿಬಿಡೋ ಹಾಗಿದೆ.”

ಹಾರ ಬಿಡಿಸಿಕೊಂಡಿತು, ನಾಲ್ಕು ಹೂವು ನೆಲಕ್ಕೆ ಬಿದ್ದವು. ಗುರುರಾಜ್ ಸೊಂಟದ ಪೇಜರನ್ನು ಒಮ್ಮೆ ನೋಡಿಕೊಂಡು ಮುಂದೆ ನಡೆದ. ಅವನು ಲ್ಯಾಬಿನ ಮುಖ್ಯಸ್ಥ, ಹೇಮಲತಾ ಅವನ ಕೈಕೆಳಗೆ ಪರೀಕ್ಷೆಗಳನ್ನು ಮಾಡುವವಳು. ವೈಟ್‌ಫೀಲ್ಡಿನ ಕೈಗಾರಿಕಾ ಪ್ರದೇಶದಲ್ಲಿದ್ದ ಅವರ ಚಿಕ್ಕ ಕಂಪನಿಯಲ್ಲಿ ಮೊಲಗಳಿಂದ ಆಂಟಿಬಾಡಿ ತೆಗೆದು, ಮನುಷ್ಯರ ರಕ್ತ ಪರೀಕ್ಷಿಸುವ ಕಿಟ್ ತಯಾರಿಸುತ್ತಿದ್ದರು. ಆ ಕಿಟ್ಟುಗಳನ್ನು ಕೊಳ್ಳುವವರು ಸಂಶೋಧನೆ ಮಾಡುವ ದೊಡ್ಡ ದೊಡ್ಡ ಸಂಸ್ಥೆಯವರು. ಆ ಮೊಲಗಳನ್ನು ನೋಡಿಕೊಳ್ಳುತ್ತಿದ್ದವನು ಮರೆಪ್ಪ. ಮೊಲದ ಮನೆಯ ಮರೆಪ್ಪ ಅಂದರೆ ಗೇಟಿನ ಸೆಕ್ಯುರಿಟಿಯಿಂದ ಹಿಡಿದು ಡೈರೆಕ್ಟರ್‌ವರೆಗೆ ಎಲ್ಲರಿಗೂ ಗೊತ್ತು. ನಿನ್ನೆ ಸಂಜೆ ತೀರಿಕೊಂಡಿದ್ದ.

ಮನೆ ಮುಂದೆ ಶಾಮಿಯಾನ ಹಾಕಿದ್ದರು. ಪಕ್ಕದಲ್ಲಿ ಮರೆಪ್ಪನ ಅಣ್ಣ ಲಕ್ಷ್ಮಯ್ಯ ಕಟ್ಟಿಸಿದ್ದ ಬಾಡಿಗೆ ರೂಮುಗಳ ಸಾಲು. ಕಂಪ್ಯೂಟರ್ ಕಂಪನಿಗಳ ಹುಡುಗರು ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಬಾಗಿಲಿಗೆ ಬಂದು, ಸಾವಿನ ಮನೆ ಅಂತ ನೆನಪಾಗಿ ಒಳಗೆ ಹೋಗುತ್ತಿದ್ದರು. ತಮಟೆಯವರು ಬೆಂಕಿ ಹಾಕಿಕೊಂಡು ತಮಟೆ ಕಾಯಿಸುತ್ತಿದ್ದರು.

“ದಾರಿ ಬಿಡ್ರಪ್ಪ, ಕಂಪ್ನಿಯೋರು ಬಂದವ್ರೆ!” ಎಂದು ಲಕ್ಷ್ಮಯ್ಯ ಕೂಗಿದ. ದುಃಖದಲ್ಲೂ ಆ ದನಿಯಲ್ಲಿ ತಮ್ಮನ ಕಂಪನಿಯ ಬಗ್ಗೆ ಒಂದಿಷ್ಟು ಗತ್ತು ಇತ್ತು. “ಏನ್ಮಾಡೋದು ಸಾರ್, ಕಲ್ಲಿದ್ದಂಗಿದ್ದ. ಒಂದಿನ ಜ್ವರ ಅಂತ ಮಲಗಿದೋನಲ್ಲ.”

ಹೇಮಲತಾಳ ಊರು ರಾಣೆಬೆನ್ನೂರು ಕಡೆ. ಅಲ್ಲಿ ಹೆಣವನ್ನು ಕೂರಿಸಿ, ಹಣೆ ತುಂಬ ವಿಭೂತಿ ಬಳಿದು, ಜೀವಂತ ಕೂತವರ ಹಾಗೆ ಇಟ್ಟಿರುತ್ತಾರೆ. ಇಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಮೊಲದ ಮನೆಯಲ್ಲಿ ಮಧ್ಯಾಹ್ನ ಸೊಪ್ಪಿನ ಚೀಲಕ್ಕೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದ ಮರೆಪ್ಪನಿಗೂ ಇವನಿಗೂ ಅಂಥ ವ್ಯತ್ಯಾಸ ಕಾಣಲಿಲ್ಲ. ಅರ್ಧಕ್ಕರ್ಧ ಇಳಿದುಹೋಗಿದ್ದ, ಅಷ್ಟೆ.

ತಲೆದೆಸೆಯಲ್ಲಿ ಹೆಂಗಸರು ಕೂತಿದ್ದರು. ಅಶ್ವತ್ಥಮ್ಮ ಅನ್ನುವ ಮುದುಕಿ ಪಕ್ಕದವಳ ಕಿವಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ, “ಆ ಮೂಕ ಪ್ರಾಣಿಗಳ ಕಿವಿ ಕುಯ್ದು ರಕ್ತ ತೆಗೀತಿದ್ರಂತೆ. ಆ ಪಾಪ ಸುಮ್ನೆ ಬಿಟ್ಟೀತಾ?” ಅಂದಳು.

“ಸುಮ್ಕಿರಮ್ಮೋ,” ಎಂದು ಮರೆಪ್ಪನ ಹೆಂಡತಿ ಭದ್ರಮ್ಮ ಗದರಿದಳು. ಅತ್ತು ಅತ್ತು ಅವಳ ಗಂಟಲು ಕೂತುಹೋಗಿತ್ತು. “ಮಕ್ಕಳಂಗೆ ನೋಡ್ಕಂತಿದ್ರು ಅವನ್ನ. ಕುಯ್ಯೋದಲ್ಲ, ಸೂಜೀಲಿ ತೆಗೆಯೋದು. ಮೇಡಮ್ಮೋರು ಇಲ್ಲೇ ಅವ್ರೆ, ಕೇಳು ಬೇಕಾದ್ರೆ.”

ಎಲ್ಲರ ಕಣ್ಣೂ ಹೇಮಲತಾಳ ಮೇಲೆ ಬಿತ್ತು. ಮೊಲದ ಪಾಪವೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು.

“ಬಾಯಿಗೆ ಅಕ್ಕಿ ಹಾಕ್ಬನ್ನಿ ಮೇಡಂ,” ಎಂದು ಲಕ್ಷ್ಮಯ್ಯ ತಟ್ಟೆ ಮುಂದೆ ಹಿಡಿದ. “ಋಣ ಇದ್ದೋರೆಲ್ಲ ಹಾಕ್ಬೇಕು.”

ಒಂದು ಚಿಟಿಕೆ ಅಕ್ಕಿ ತೆಗೆದುಕೊಂಡಳು. ಬಗ್ಗಿದಳು. ಎಲೆಯಡಿಕೆಯ ಕೆಂಪು ಇನ್ನೂ ಹೋಗಿರದ ಆ ತುಟಿಗಳ ಹತ್ತಿರ ಹೋದ ಕೈ ಅಲ್ಲೇ ನಿಂತಿತು. ಹಿಂದೆ ನಿಂತವರು “ಹಾಕಮ್ಮ” ಅಂದರು. ಅಕ್ಕಿ ಬೆರಳಿನಿಂದ ಜಾರಿ ಗಲ್ಲದ ಮೇಲೆ ಬಿತ್ತು, ಕುತ್ತಿಗೆಗೆ ಇಳಿಯಿತು. ಭದ್ರಮ್ಮ ಅದನ್ನು ಆರಿಸಿ ಗಂಡನ ಬಾಯಿಗೆ ತಾನೇ ಹಾಕಿದಳು.

“ಮನ್ಸಿಗೆ ಅಚ್ಕಂಡವ್ರೆ, ಪಾಪ,” ಎಂದು ಯಾರೋ ಅಂದರು. ಹೇಮಲತಾಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

*

ಮೈಯೊಳಗೆ ಎಲ್ಲೋ ಸೋಂಕು ತಗುಲಿದರೆ, ಊತ ಬಂದರೆ, ಬೇಡದ್ದೊಂದು ಬೆಳೆಯತೊಡಗಿದರೆ, ರಕ್ತದ ಕಣಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಸಣ್ಣ ಸಣ್ಣ ಪ್ರೋಟೀನುಗಳನ್ನು ಬಿಡುತ್ತವೆ. ಸೈಟೊಕೈನ್ ಅಂತ ಅವಕ್ಕೆ ಹೆಸರು. ಆರೋಗ್ಯವಾಗಿದ್ದವರಲ್ಲಿ ಇದ್ದೂ ಇಲ್ಲದ ಹಾಗೆ ಇರುತ್ತವೆ. ಅವುಗಳನ್ನು ಹಿಡಿಯಲು ಆಂಟಿಬಾಡಿ ಬೇಕು. ಆಂಟಿಬಾಡಿ ಕೊಡುವುದು ಮೊಲ, ಮೊಲಕ್ಕೆ ಸೊಪ್ಪು ಹಾಕುವುದು ಮರೆಪ್ಪ. ಆದ್ದರಿಂದ ವಿಜ್ಞಾನವೆಲ್ಲ ತನ್ನಿಂದಲೇ ಶುರುವಾಗುವುದು ಎಂದು ಮರೆಪ್ಪ ನಂಬಿದ್ದ, ಊರ ಟೀ ಅಂಗಡಿಯಲ್ಲಿ ಹಾಗೇ ಹೇಳುತ್ತಲೂ ಇದ್ದ.

ಸಂತನೇನಲ್ಲ. ಕೆಲಸಕ್ಕೆ ತಡವಾಗಿ ಬಂದು ತಪ್ಪನ್ನು ಬಸ್ಸಿನ ಮೇಲೆ ಹಾಕುತ್ತಿದ್ದ, ಅವನ ಮನೆಗೂ ಕಂಪನಿಗೂ ನಡುವೆ ಬಸ್ಸೇ ಇರಲಿಲ್ಲ. ಯಾರಿಗೆ ಯಾರ ಮೇಲೆ ಕಣ್ಣು ಅನ್ನುವ ಸುದ್ದಿ ಮೊಲದ ಮನೆಯಿಂದಲೇ ಹೊರಡುತ್ತಿತ್ತು. ಮೊಲಗಳನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದ, ಬೈಯುತ್ತಲೇ ಕಿವಿಯ ಹಿಂದೆ ಕೆರೆಯುತ್ತಿದ್ದ. ಹಿಂದೆ ಕೆರೆಯಂಗಳದಲ್ಲಿ ಬಲೆ ಕಟ್ಟಿ ಕಾಡುಮೊಲ ಹಿಡಿದು ತಿಂದವನೇ. ಕೆಲಸಕ್ಕೆ ಸೇರಿದ ಮೇಲೆ ಬಿಟ್ಟುಬಿಟ್ಟ.

“ಯಾಕೆ ಮರೆಪ್ಪ?” ಎಂದು ಹೇಮಲತಾ ಒಮ್ಮೆ ಕೇಳಿದ್ದಳು.

“ಒಂದೇ ಆಫೀಸಲ್ಲಿ ಕೆಲ್ಸ ಮಾಡೋರನ್ನ ತಿನ್ನಕ್ಕಾಯ್ತದಾ ಮೇಡಂ?” ಅಂದಿದ್ದ.

ಹೋಲಿಸಿ ನೋಡಲು ಕಿಟ್ಟಿಗೆ ಆರೋಗ್ಯವಂತರ ರಕ್ತ ಬೇಕಿತ್ತು. ಎಲ್ಲಿಂದ ತರುವುದು? ಕಂಪನಿಯವರೇ ಕೊಡಬೇಕು. ಆ ದಿನ ಬಂತೆಂದರೆ ಗುರುರಾಜನಿಗೆ ತಪ್ಪದೆ ನೆಗಡಿ, ಅಕೌಂಟ್ಸಿನವರಿಗೆ ತಲೆಸುತ್ತು. ತಾನಾಗಿ ಬರುತ್ತಿದ್ದವನು ಮರೆಪ್ಪ ಒಬ್ಬನೇ. ಕೊಟ್ಟ ಮೇಲೆ ಖಾರಾ ಬನ್ನು, ಕಾಫಿ. ಅದಕ್ಕಿಂತ ಹೆಚ್ಚಾಗಿ ತನ್ನ ರಕ್ತಕ್ಕೆ ಇಷ್ಟೆಲ್ಲ ಓದಿದವರು ಕಾಯುತ್ತಿದ್ದಾರಲ್ಲ ಅನ್ನುವ ಹೆಮ್ಮೆ. ಪ್ರತಿ ಸಲವೂ ಎದ್ದು ಹೋಗುವಾಗ ಬಾಗಿಲಲ್ಲಿ ತಿರುಗಿ, “ಓದ್ಸಲ ಕೊಟ್ಟಿದ್ದು ಚೆನ್ನಾಗಿತ್ತಾ ಮೇಡಂ?” ಎಂದು ಕೇಳುತ್ತಿದ್ದ.

“ಚೆನ್ನಾಗಿತ್ತು ಮರೆಪ್ಪ,” ಅನ್ನುತ್ತಿದ್ದಳು ಹೇಮಲತಾ. ಊಟ ಆಯ್ತಾ ಅಂದರೆ ಆಯ್ತು ಅನ್ನುವಂತೆ.

ಮೊದಮೊದಲು ಅದು ನಿಜವೇ ಆಗಿತ್ತು. ಸಣ್ಣ ಸಣ್ಣ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ ಎಲ್ಲರ ರಕ್ತದಿಂದ ಬೇರ್ಪಡಿಸಿದ ತಿಳಿಯನ್ನು, ಅಂದರೆ ಸೀರಮ್ಮನ್ನು, ಹಾಕಿ, ತೊಳೆದು, ಕೊನೆಗೆ ಬಣ್ಣದ ದ್ರಾವಣ ಬಿಟ್ಟರೆ, ಸೈಟೊಕೈನ್ ಇದ್ದ ಕಡೆ ಹಳದಿ ಬರುತ್ತದೆ. ಮರೆಪ್ಪನ ಗುಳಿ ನೀರಿನ ಹಾಗೆ ಇರುತ್ತಿತ್ತು. ಒಂದು ಸಲ ಇರಲಿಲ್ಲ. ಅರಿಶಿನ ಕಲಸಿದ ಹಾಗೆ ಕಡು ಹಳದಿ. ತಪ್ಪು ಮಾಡಿರಬೇಕೆಂದು ಮರುದಿನ ಮತ್ತೆ ಮಾಡಿದಳು. ಮತ್ತೆ ಅದೇ ಬಣ್ಣ.

ಗುರುರಾಜ್ ನೋಡಿ ನಕ್ಕ. “ಇವನು ಮೊಲದ ಜೊತೆ ಬಾಳ್ವೆ ಮಾಡೋನಮ್ಮ. ಇವನ ರಕ್ತದಲ್ಲಿ ಮೊಲದ ಆಂಟಿಬಾಡಿಯನ್ನೇ ಹಿಡಿಯೋ ಆಂಟಿಬಾಡಿ ಬೆಳೆದಿರುತ್ತೆ. ತಟ್ಟೆಗೆ ಅಂಟಿಸಿರೋ ಆಂಟಿಬಾಡೀನೂ ಮೊಲದ್ದು, ಬಣ್ಣ ತರೋದೂ ಮೊಲದ್ದು. ಎರಡರ ಕೈ ಇವನೇ ಹಿಡಿದು ಸೇರಿಸಿಬಿಟ್ಟ. ಸುಳ್ಳು ಬಣ್ಣ ಇದು. ಬಿಟ್ಹಾಕು ಇವನನ್ನ.”

ಪುಸ್ತಕದಲ್ಲೂ ಹಾಗೇ ಇದೆ. ಪ್ರಾಣಿಗಳ ಜೊತೆ ಕೆಲಸ ಮಾಡುವವರಲ್ಲಿ ಹಾಗೆ ಆಗುವುದುಂಟು. ಸುಳ್ಳೋ ನಿಜವೋ ತಿಳಿಯಲು ಸುಲಭದ ದಾರಿಯೂ ಇತ್ತು: ಅವನ ಸೀರಮ್ಮಿಗೆ ಸಾಧಾರಣ ಮೊಲದ ಸೀರಮ್ ಸ್ವಲ್ಪ ಬೆರೆಸಿ ಮತ್ತೆ ಪರೀಕ್ಷೆಗೆ ಇಡುವುದು. ಮೊಲದ್ದನ್ನು ಹಿಡಿಯುವ ಆಂಟಿಬಾಡಿ ಇದ್ದರೆ ಅದು ಬೆರೆಸಿದ್ದನ್ನೇ ಹಿಡಿದುಕೊಂಡು ಮುಗಿದುಹೋಗುತ್ತದೆ. ಬಣ್ಣ ಇಳಿದರೆ ಸುಳ್ಳು. ಇಳಿಯದಿದ್ದರೆ ಮೈಯಲ್ಲಿ ಏನೋ ನಡೆಯುತ್ತಿದೆ. ಬೆಳಗಿನ ಒಂದು ಹೊತ್ತಿನ ಕೆಲಸ. ಮೊಲದ ಸೀರಮ್ಮಿಗಂತೂ ಆ ಲ್ಯಾಬಿನಲ್ಲಿ ಬರವೇ ಇರಲಿಲ್ಲ.

“ನಾಳೆ ಮಾಡಿ ನೋಡ್ತೀನಿ ಸಾರ್,” ಅಂದಳು.

“ನೋಡು, ಅವಸರವೇನಿಲ್ಲ. ಹೈದರಾಬಾದಿನೋರು ಕಿಟ್ ನೋಡೋಕೆ ಬರ್ತಿದ್ದಾರೆ, ಮೊದಲು ಅದು ಮುಗೀಲಿ.”

ಹೈದರಾಬಾದಿನವರು ಬಂದರು, ಮೆಚ್ಚಿದರು, ಹೋದರು. ಆ ನಾಳೆ ಮಾತ್ರ ಬರಲಿಲ್ಲ. ಮರೆಪ್ಪನ ಜಾಗಕ್ಕೆ ಸೆಕ್ಯುರಿಟಿಯವನ ರಕ್ತ ಬಂತು.

ಆದರೆ ಮರೆಪ್ಪನಿಗೆ ಹೇಳುವುದು ಹೇಗೆ? ನಿನ್ನ ರಕ್ತ ಬೇಡ ಅಂದರೆ ಮುನಿಸಿಕೊಂಡು ವಾರಗಟ್ಟಲೆ ಮೊಲಗಳ ಮೇಲೆ ಸಿಟ್ಟು ತೀರಿಸಿಯಾನು. ಪಾಪ, ಬೇಜಾರು ಮಾಡುವುದೇಕೆ ಎಂದು ಹೇಮಲತಾ ಮೊದಲಿನ ಹಾಗೇ ಕರೆದು ರಕ್ತ ತೆಗೆಯುತ್ತಿದ್ದಳು, ಖಾರಾ ಬನ್ನು ಕೊಡಿಸುತ್ತಿದ್ದಳು, ಚೆನ್ನಾಗಿತ್ತು ಅನ್ನುತ್ತಿದ್ದಳು. ಅವನು ಕಣ್ಮರೆಯಾದ ಮೇಲೆ ಟ್ಯೂಬನ್ನು ಬ್ಲೀಚಿನ ಬೋಗುಣಿಗೆ ಬಗ್ಗಿಸುತ್ತಿದ್ದಳು. ಒಬ್ಬ ಬಡಪಾಯಿಯ ಮನಸ್ಸು ನೋಯಿಸದೆ ನಡೆದುಕೊಂಡೆ ಎಂದು ಅವಳಿಗೆ ತನ್ನ ಮೇಲೆ ಒಂದಿಷ್ಟು ಮೆಚ್ಚುಗೆಯೂ ಇತ್ತು. ಈಗ ನೆನೆದರೆ ಎಲ್ಲಕ್ಕಿಂತ ಹೆಚ್ಚು ಸುಡುವುದು ಆ ಮೆಚ್ಚುಗೆಯೇ.

ಆಮೇಲೆ ಅವನು ಸೊಂಟ ಹಿಡಿದುಕೊಂಡು ಓಡಾಡತೊಡಗಿದ. ಸ್ಟೂಲು ಹಾಕಿಕೊಂಡು ಪಂಜರ ತೊಳೆಯತೊಡಗಿದ. ಹೇಮಲತಾ ನೋವಿನ ಮುಲಾಮು ತಂದುಕೊಟ್ಟಳು. ಈ ಮಳೆಗಾಲದಲ್ಲಿ ಸೊಪ್ಪಿನ ಚೀಲ ಎತ್ತುವಾಗ ಬೆನ್ನುಮೂಳೆ ಮುರಿಯಿತು. ಸೊಪ್ಪಿನ ಚೀಲಕ್ಕೆ ಯಾರ ಮೂಳೆ ಮುರಿಯುತ್ತದೆ? ಆಸ್ಪತ್ರೆಯಲ್ಲಿ ಮೂಳೆ ಮಜ್ಜೆಯ ಕ್ಯಾನ್ಸರ್ ಅಂದರು. ಬಹಳ ದಿನದಿಂದ ಇದ್ದಿರಬೇಕು, ಮುಂಚೆಯೇ ಬಂದಿದ್ದರೆ ಕೆಲವು ವರ್ಷವಾದರೂ ತಳ್ಳಬಹುದಿತ್ತು ಅಂದರು.

ಆ ಸುದ್ದಿ ಬಂದ ದಿನವೇ ಹೇಮಲತಾ ಫ್ರೀಜರಿನಲ್ಲಿ ಉಳಿದಿದ್ದ, ಆ ಹಳದಿ ಬಂದ ಸಲದ ಟ್ಯೂಬನ್ನು ಹುಡುಕಿ ತೆಗೆದು, ಮೊಲದ ಸೀರಮ್ ಬೆರೆಸಿ, ಮಾಡದೆ ಬಿಟ್ಟ ಕೆಲಸ ಮಾಡಿದಳು. ಹಳದಿ ಒಂದು ಚೂರೂ ಇಳಿಯಲಿಲ್ಲ.

ಗುರುರಾಜ್ ತಟ್ಟೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. “ಇದೊಂದರಿಂದ ಏನೂ ಹೇಳಕ್ಕಾಗಲ್ಲ ಕಣಮ್ಮ,” ಅಂದ. “ನೆಗಡಿ ಆದ್ರೂ ಏರುತ್ತೆ ಇದು. ನಾವೇನು ಡಾಕ್ಟರಾ?”

ಅದೂ ನಿಜವೇ. ಗುರುರಾಜ್ ಹೇಳುವುದೆಲ್ಲ ಯಾವಾಗಲೂ ನಿಜವೇ ಆಗಿರುತ್ತಿತ್ತು.

*

ತಮಟೆ ಜೋರಾಯಿತು. ಚಟ್ಟ ಎತ್ತಿದರು. ರೂಮುಗಳ ಹಿಂದೆ ಮಾರದೆ ಉಳಿಸಿಕೊಂಡಿದ್ದ ತುಂಡು ಹೊಲದಲ್ಲಿ, ಅವರಪ್ಪನನ್ನು ಮಣ್ಣು ಮಾಡಿದ್ದ ಗುಡ್ಡೆಯ ಪಕ್ಕದಲ್ಲಿ ಗುಣಿ ತೋಡಿದ್ದರು. ಅದರಾಚೆ ಹೊಸ ಟೆಕ್ ಪಾರ್ಕಿನ ಕಾಂಪೌಂಡು, ಅದರೊಳಗೆ ಅರ್ಧ ಎದ್ದ ಗಾಜಿನ ಕಟ್ಟಡ. ಕಾಂಕ್ರೀಟ್ ಮಿಶಿನ್ನಿನ ಸದ್ದಿನಲ್ಲಿ ಅಳುವವರ ದನಿ ಕೇಳುತ್ತಿರಲಿಲ್ಲ. ಲಕ್ಷ್ಮಯ್ಯ ಗೋಡೆಯ ಹತ್ತಿರ ಹೋಗಿ “ಏಯ್, ಒಂದು ಗಳಿಗೆ ನಿಲ್ಸ್ರಪ್ಪಾ, ಮಣ್ಣು ಮಾಡ್ತಾ ಇದೀವಿ!” ಎಂದು ಕೂಗಿದ ಮೇಲೆ ನಿಂತಿತು.

ಎಲ್ಲರ ಜೊತೆ ಹೇಮಲತಾಳೂ ಮೂರು ಹಿಡಿ ಮಣ್ಣು ಹಾಕಿದಳು. ಈ ಸಲ ಕೈ ನಿಲ್ಲಲಿಲ್ಲ. ಮುಚ್ಚುವುದಕ್ಕೆ ಕೈ ಬೇಗ ಒಗ್ಗುತ್ತದೆ ಎಂದು ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ವಾಪಸು ಬಂದು ಎಲ್ಲರೂ ತೊಟ್ಟಿಯ ಹತ್ತಿರ ಕೈಕಾಲು ತೊಳೆದು, ಹಚ್ಚಿಟ್ಟ ದೀಪ ನೋಡಿ ಹೊರಟರು. ಗುರುರಾಜ್ ಮೆಟಡೋರ್ ಹತ್ತಿ ಕೂತ. ಹೇಮಲತಾ ಅತ್ತ ಹೆಜ್ಜೆ ಹಾಕುವಾಗ ಭದ್ರಮ್ಮ ಹಿಂದಿನಿಂದ ಕರೆದಳು.

“ಮೇಡಮ್ಮೋರೆ, ಒಸಿ ಇತ್ತ ಬನ್ನಿ.”

ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕೂರಿಸಿದಳು. ಮಗಳು ಶೋಭಾರಾಣಿ ಪಕ್ಕದಲ್ಲಿ ಕಂಬಕ್ಕೆ ಒರಗಿ ನಿಂತಿದ್ದಳು. ಮಹದೇವಪುರದ ಗಾರ್ಮೆಂಟ್ಸಿನಲ್ಲಿ ಹೊಲಿಗೆಗೆ ಹೋಗುವ ಹುಡುಗಿ. ಮಾತಿಲ್ಲ, ಕಣ್ಣ ಕೆಳಗೆ ಕಪ್ಪು.

“ನಿಮ್ಮ ಮಾತು ದಿನಾ ಆಡೋರು,” ಅಂದಳು ಭದ್ರಮ್ಮ. “ಸೊಂಟ ನೋವು ಸುರುವಾದಾಗ್ಲೇ ಏಳ್ದೆ ನಾನು, ದೊಡ್ಡಾಸ್ಪತ್ರೆಗೆ ಓಗಾನ ಅಂತ. ಎಲ್ಲಿ ಕೇಳ್ತಾರೆ! ‘ನನ್ ರಕ್ತ ಆಫೀಸ್ನಾಗೆ ತಗೊಂಡು ನೋಡ್ತಾರೆ ಕಣೆ, ಏನಾನ ಇದ್ರೆ ಮೇಡಮ್ಮೋರು ಏಳ್ದೆ ಇರ್ತಾರಾ’ ಅನ್ನೋರು. ಲಕ್ಸ್ಮಯ್ಯ ಬಾವ ಕಾರು ತಂದು ನಿಲ್ಸಿದ್ರೂ ಅತ್ನಿಲ್ಲ.”

ಹೇಮಲತಾಳಿಗೆ ಕುಡಿಯಲು ನೀರು ಕೇಳಬೇಕು ಅನ್ನಿಸಿತು, ಈ ಮನೆಯಲ್ಲಿ ನೀರು ಕೇಳುವ ಮುಖ ತನಗಿಲ್ಲ ಅನ್ನಿಸಿತು. ರಕ್ತ ಚೆಲ್ಲಿದ್ದು ಗೊತ್ತಿತ್ತು. ಅದನ್ನೇ ನಂಬಿಕೊಂಡು ಅವನು ಆಸ್ಪತ್ರೆಗೆ ಬೆನ್ನು ಹಾಕಿ ಕೂತಿದ್ದ ಅನ್ನುವುದು ಈ ಗಳಿಗೆಯವರೆಗೆ ಗೊತ್ತಿರಲಿಲ್ಲ.

“ನಿಮ್ಮನ್ನ ಅಂತಾ ಇಲ್ಲ ತಾಯಿ,” ಭದ್ರಮ್ಮ ಅವಳ ಮೊಣಕಾಲು ಸವರಿದಳು. “ನೀವು ಅಷ್ಟು ಸಲ ನೋಡಿದ್ರೂ ಸಿಕ್ಕಲಿಲ್ಲ ಅಂದ್ಮೇಲೆ ಅದು ಅವ್ರ ಅಣೆಬರ. ಯಾರು ತಡೆಯಕ್ಕಾಯ್ತದೆ? ಅದೊಂದು ಸಮಾಧಾನ ನಂಗೆ. ನೋಡ್ದಲೇ ಬಿಟ್ಟೋ ಅನ್ನೋ ಕೊರಗಿಲ್ಲ.”

ಅದೊಂದು ಸಮಾಧಾನ. ಅದನ್ನು ಕಿತ್ತುಕೊಳ್ಳಲು ತಾನು ಯಾರು? ಸುಮ್ಮನಿದ್ದರೆ ಗುರುರಾಜನಿಗೂ ನೆಮ್ಮದಿ, ಈ ಹೆಂಗಸಿಗೂ ನೆಮ್ಮದಿ. ಹೊರಗೆ ಮೆಟಡೋರ್ ಹಾರ್ನ್ ಹೊಡೆಯಿತು. “ಬರ್ತೀನಮ್ಮ” ಎಂದು ಹೇಮಲತಾ ಏಳಹೋದಳು.

“ಒಂದೇ ನಿಮಿಸ. ಕರ್ದಿದ್ದು ಅದ್ಕಲ್ಲ.” ಭದ್ರಮ್ಮ ಮಗಳ ಕಡೆ ತಿರುಗಿದಳು. “ಇವ್ಳಿಗೆ ಒಂದ್ ತಿಂಗ್ಳಾತು, ಸಂಜೆ ಆದ್ರೆ ಮೈ ಬೆಚ್ಚಗಾಯ್ತದೆ. ಊಟ ಸೇರಲ್ಲ. ನೋಡಿ, ಎಂಗಿಳಿದವ್ಳೆ. ಒಸಿ ಇವ್ಳ ರಕ್ತಾನೂ ತಗೊಂಡೋಗಿ ನೋಡ್ಬಿಡಿ ತಾಯಿ. ತೋಳು ಮಡಿಸೇ.”

ಶೋಭಾರಾಣಿ ಕಂಬ ಬಿಟ್ಟು ಬಂದು, ಚೂಡಿದಾರದ ಉದ್ದ ತೋಳನ್ನು ಮೊಣಕೈ ಮೇಲಕ್ಕೆ ಮಡಿಸಿ ಕೈ ಚಾಚಿದಳು. ತೆಳ್ಳಗಿನ ಕೈ. ಮೊಣಕೈ ಮಡಿಕೆಯಲ್ಲಿ ನೀಲಿ ನರ ಎದ್ದು ಕಾಣುತ್ತಿತ್ತು.

“ಆಸ್ಪತ್ರೆಗೆ ತೋರಿಸಿ ಅಮ್ಮ. ನಾಳೇನೇ.”

“ಆಸ್ಪತ್ರೆಯೋರು ಏನ್ ಮಾಡಿದ್ರು? ಕರ್ಕೊಂಡೋದೆ, ಎಣ ಮಾಡಿ ಕೊಟ್ರು. ಆ ಮೆಟ್ಲು ಅತ್ತಕ್ಕೆ ನಂಗೆ ಇನ್ನು ಕಾಲು ಬರಲ್ಲ. ನೀವೇ ನೋಡಿ. ಚೆನ್ನಾಗೈತೆ ಅಂತ ನಿಮ್ಮ ಬಾಯಲ್ಲಿ ಬಂದ್ರೆ ಸಾಕು, ಎದ್ರಿಕೆ ಇಲ್ದೆ ಇರ್ತೀನಿ.”

ಮತ್ತೆ ಹಾರ್ನ್ ಕೇಳಿಸಿತು. ಹೇಮಲತಾ ಆ ಚಾಚಿದ ಕೈಯನ್ನು ನೋಡಿದಳು. ಇನ್ನು ಸುಮ್ಮನಿರುವುದಕ್ಕೆ ಆಗುತ್ತಿರಲಿಲ್ಲ.

“ನಮ್ಮಲ್ಲಿ ಕಾಯಿಲೆ ನೋಡಲ್ಲ ಅಮ್ಮ. ನಿಮ್ಮ ಯಜಮಾನರ ರಕ್ತದಲ್ಲಿ ಒಂದು ಸಲ ಏನೋ ಕಂಡಿತ್ತು. ಅದೇನು ಅಂತ ನಾನು ವಿಚಾರಿಸಲಿಲ್ಲ. ಆಮೇಲಿಂದ ಅವರ ರಕ್ತ ನೋಡಲೇ ಇಲ್ಲ. ತೆಗೆದು ಚೆಲ್ಲಿಬಿಡ್ತಿದ್ದೆ.”

ಭದ್ರಮ್ಮನಿಗೆ ತಟ್ಟನೆ ತಿಳಿಯಲಿಲ್ಲ. ಮಗಳ ಮುಖ ನೋಡಿದಳು. ಶೋಭಾರಾಣಿಗೆ ಆಗಲೇ ಅರ್ಥವಾಗಿತ್ತು.

“ಚೆಲ್ತಿದ್ರಾ?” ಅಂದಳು ಭದ್ರಮ್ಮ.

“ಹೂಂ.”

“ಚೆನ್ನಾಗೈತೆ ಅಂತ ಏಳ್ತಿದ್ರಲ್ಲ?”

“ಹೇಳ್ತಿದ್ದೆ.” ಹೇಮಲತಾಳ ಕಣ್ಣಲ್ಲಿ ನೀರು ತುಂಬಿತು. “ಇವಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿ ಅಮ್ಮ. ನಿಮ್ಮ ಕಾಲಿಗೆ ಬೀಳ್ತೀನಿ.”

ಭದ್ರಮ್ಮ ಕೂತಲ್ಲಿಂದಲೇ ಮಗಳ ಕೈ ಹಿಡಿದು ತನ್ನ ಕಡೆಗೆ ಎಳೆದುಕೊಂಡಳು. ಮಡಿಸಿದ್ದ ತೋಳನ್ನು ಒಂದೊಂದೇ ಮಡಿಕೆ ಬಿಡಿಸುತ್ತ ಮಣಿಕಟ್ಟಿನವರೆಗೆ ಇಳಿಸಿದಳು. ಅದರ ಮೇಲೆ ತನ್ನ ಸೆರಗನ್ನೂ ಹೊದಿಸಿ, ಹೇಮಲತಾಳಿಗೆ ಬೆನ್ನಾಗುವಂತೆ ತಿರುಗಿ, ಆ ಕೈಯನ್ನು ಎದೆಗೆ ಅವಚಿಕೊಂಡು ಕೂತಳು.